ಫಲಕದ ಮೇಲೊಂದು ಕನ್ನಡಕ

ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ದೀಪ ಹಿಡಿಯಬೇಡಿ ಎಂದು, ಕತ್ತಲೆ ಕೋಣೆ ನೋಡಿಕೊಳ್ಳುವ ಕತ್ತಲೆ ಮಾವ ಎರಡು ಸಲ ಹೇಳಿದ್ದ. ಏಳನೆಯ ಸೆಕೆಂಡಿಗೆ ಬೆರಳಚ್ಚಮ್ಮನ ಕೈ ಇದ್ದಲ್ಲೇ ನಿಂತಿತು.

ಫಲಕದ ಮೇಲೆ ಒಂದು ಕನ್ನಡಕವಿತ್ತು.

ನಿಜವಾದ ಕನ್ನಡಕವಲ್ಲ, ಅದರ ಅಚ್ಚು. ನೇರಳೆ ದೀಪದ ಕೆಳಗೆ ಇಡೀ ಫಲಕ ಮಂಕಾಗಿ ಮಿನುಗುತ್ತಿದ್ದರೆ, ಬಲಮೂಲೆಯಲ್ಲಿ ಮಾತ್ರ ಎರಡು ದುಂಡನೆಯ ಬಿಲ್ಲೆಗಳು ಪ್ರಖರ ನೀಲಿಯಾಗಿ ಹೊಳೆಯುತ್ತಿದ್ದವು. ನಡುವೆ ಮೂಗಿನ ಸೇತುವೆ. ಒಂದು ಪಕ್ಕದಿಂದ ಓರೆಯಾಗಿ ಹೊರಟ ಕಡ್ಡಿ. ಕಣ್ಣಿನ ಡಾಕ್ಟರು ಬೋರ್ಡಿನ ಮೇಲೆ ಬರೆಸಿದ ಚಿತ್ರದಷ್ಟು ಸ್ಪಷ್ಟವಾಗಿತ್ತು.

ಅವಳು ದೀಪ ಆರಿಸಿದಳು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತೊಂದು ವರ್ಷ ಇಂಥದೇ ದೀಪ ಹಿಡಿದು ಕಿಟಕಿ, ಬಾಗಿಲು, ಬಾಟಲಿಗಳನ್ನು ಜಾಲಾಡಿದವಳು ಅವಳು. ನಿವೃತ್ತಿಯಾಗಿ ಮನೆಯಲ್ಲಿ ಕೂತರೂ ಅಡ್ಡಹೆಸರು ಮಾತ್ರ ನಿವೃತ್ತಿಯಾಗಲಿಲ್ಲ. ಈ ಪ್ರಯೋಗಾಲಯಕ್ಕೆ ಬಂದ ಮೊದಲ ದಿನ ಗೇಟಿನ ಕಾವಲುಗಾರ ಕೂಡ ಪುಸ್ತಕದಲ್ಲಿ ಹಾಗೇ ಬರೆದುಕೊಂಡಿದ್ದ.

"ಏನಾದ್ರೂ ಕಾಣ್ತಾ?" ಕತ್ತಲಲ್ಲಿ ಮಾವನ ದನಿ ಕೇಳಿತು.

ಏನೂ ಇಲ್ಲ ಎಂದಳು. ಆದರೆ ದೀಪ ಆರುವ ಮುಂಚೆ ಅವನ ಕೈ ತನ್ನ ಮೂಗಿನ ಮೇಲಿನ ಕನ್ನಡಕದತ್ತ ಹೊರಟು ಅರ್ಧದಲ್ಲೇ ಇಳಿದದ್ದನ್ನು ಅವಳು ನೋಡಿಬಿಟ್ಟಿದ್ದಳು.

ಅದೊಂದನ್ನೇ ನೆಚ್ಚಿಕೊಂಡು ಯಾರ ಕೊರಳಪಟ್ಟಿಯನ್ನೂ ಹಿಡಿಯುವಂತಿರಲಿಲ್ಲ. ಈ ಕಟ್ಟಡದಲ್ಲಿ ಕನ್ನಡಕವಿಲ್ಲದ ಮೂಗು ಹುಡುಕುವುದೇ ಕಷ್ಟ.

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಸಂಜೆ ಐದಕ್ಕೆ ಅವಳ ವರದಿ ದೊಡ್ಡವರ ಮೇಜಿನ ಮೇಲಿರಬೇಕು. ದೊಡ್ಡವರೆಂದರೆ ಪ್ರಯೋಗಾಲಯದ ಮುಖ್ಯಸ್ಥರು; ಮೂವತ್ತಾರು ಫಲಕಗಳು ಮಂಕಾಗಿವೆ, ಯಾಕೆ ಅಂತ ಹೊರಗಿನವರೊಬ್ಬರು ನೋಡಿ ಹೇಳಲಿ ಎಂದು ಅವಳನ್ನು ಕರೆಸಿದ್ದು ಅವರೇ. ವರದಿ ಬಂದ ಕೂಡಲೇ, ಫಲಕಕ್ಕೆ ಪುಡಿ ಬಳಿದು ಈಗ ತಪ್ಪು ಹೊತ್ತಿರುವ ಲೇಪನದ ಕೆಲಸದವಳು ಕೀಗೊಂಚಲು ಒಪ್ಪಿಸಿ ಮನೆಗೆ ಹೋಗಬೇಕು. ನಾಳೆ ಬೆಳಿಗ್ಗೆ ಹತ್ತಕ್ಕೆ ತೊಟ್ಟಿಯ ಮುಚ್ಚಳಕ್ಕೆ ಬೆಸುಗೆ. ಆಮೇಲೆ ಇಪ್ಪತ್ತು ವರ್ಷ ಅದನ್ನು ಯಾರೂ ತೆರೆಯುವ ಹಾಗಿಲ್ಲ.

ಇಲ್ಲಿಯ ಕೆಲಸವೇ ಒಂದು ವಿಚಿತ್ರ. ನೆಲದಡಿಯ ಹಾಲಿನಲ್ಲಿ ಮೂರು ಅಂತಸ್ತಿನ ಮನೆಯಷ್ಟು ದೊಡ್ಡ ಉಕ್ಕಿನ ತೊಟ್ಟಿ. ಗಾಳಿಯಲ್ಲೇ ಇರುವ ಆರ್ಗಾನ್ ಅನಿಲವನ್ನು ವಿಪರೀತ ತಣ್ಣಗೆ ಮಾಡಿ, ನೀರಿನಂತಾಗಿಸಿ ಅದರ ತುಂಬ ತುಂಬುತ್ತಾರೆ. ಇಡೀ ಭೂಮಿಯನ್ನೇ ತೂರಿಕೊಂಡು ಹೋಗಿ ಯಾರ ಕೈಗೂ ಸಿಗದ ನ್ಯೂಟ್ರಿನೊ ಎಂಬ ಕಣ, ಎಲ್ಲೋ ಅಪರೂಪಕ್ಕೆ ಆ ದ್ರವದಲ್ಲಿ ಒಂದು ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ. ಆಗ ಒಂದು ಚೂರು ಬೆಳಕು ಹುಟ್ಟುತ್ತದೆ. ಅದು ಮನುಷ್ಯರ ಕಣ್ಣಿಗೂ ಕಾಣದು, ಸೆನ್ಸರಿಗೂ ಕಾಣದು. ಫಲಕಕ್ಕೆ ಬಳಿದ ಬಿಳಿ ಪುಡಿ ಮಾತ್ರ ಆ ಬೆಳಕನ್ನು ನುಂಗಿ, ನೀಲಿ ಮಾಡಿ ಹೊರಗೆ ಬಿಡುತ್ತದೆ. ನೀಲಿಯನ್ನು ಸೆನ್ಸರು ಹಿಡಿಯುತ್ತದೆ. ಫಲಕ ಮಂಕಾಯಿತು ಎಂದರೆ ತೊಟ್ಟಿಗೆ ಅಷ್ಟು ಕಣ್ಣು ಹೋಯಿತು ಎಂದೇ ಲೆಕ್ಕ.

ಈ ಪುಡಿ ಬಲು ನಾಜೂಕಿನದು. ಬಿಸಿಲು ತಾಗಿದರೆ ಕೆಡುತ್ತದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಒಂದು ಪಾಲಿದೆಯಲ್ಲ, ಅದು ಅದಕ್ಕೆ ವಿಷ. ಅದಕ್ಕೇ ಲೇಪನದ ಕೋಣೆಗೆ ಕಿಟಕಿ ಇಲ್ಲ, ಹಳದಿ ದೀಪದ ಹೊರತು ಬೇರೆ ದೀಪವಿಲ್ಲ. ಬಳಿದು ಮುಗಿದ ಫಲಕಗಳು ನೇರವಾಗಿ ಕತ್ತಲೆ ಕೋಣೆಯ ಕಪಾಟು ಸೇರುತ್ತವೆ.

ಹಾಗಿದ್ದ ಮೇಲೆ ಹದಿನೇಳನೆಯ ಫಲಕ ಗಂಟೆಗಟ್ಟಲೆ ಬಿಸಿಲು ಕಂಡಿದೆ. ಆ ಹೊತ್ತಿನಲ್ಲಿ ಅದರ ಮೇಲೆ ಒಂದು ಕನ್ನಡಕ ಮಲಗಿತ್ತು. ಅದರ ಗಾಜು ಆ ವಿಷದ ಪಾಲನ್ನು ತಡೆದಿದೆ, ತನ್ನ ಅಡಿಯ ಲೇಪನವನ್ನು ಕಾಪಾಡಿದೆ. ಅಂದರೆ ಲೇಪನ ಮೊದಲಿಗೆ ಚೆನ್ನಾಗಿಯೇ ಇತ್ತು. ಕೆಟ್ಟ ಲೇಪನ ಎಂದಾದರೂ ಕನ್ನಡಕ ನೋಡಿ ಸುಧಾರಿಸಿಕೊಳ್ಳುತ್ತದೆಯೆ?

ಬೆರಳಚ್ಚಮ್ಮನಿಗೆ ಎದೆ ಹಗುರವಾಯಿತು. ಮರುಕ್ಷಣವೇ ಹುಷಾರಾದಳು. ಬಹಳ ವರ್ಷದ ಹಿಂದೆ, ಮೇಲಿನವರು ಅವಸರ ಮಾಡಿದರೆಂದು, ಎರಡನೆಯ ಸಲ ನೋಡದೆ ಒಂದು ವರದಿಗೆ ಸಹಿ ಹಾಕಿದ್ದಳು. ಆ ಮನುಷ್ಯ ನಾಲ್ಕು ವರ್ಷ ಒಳಗಿದ್ದು ಬಂದ. ಇನ್ನೆಂದೂ ನೋಡದೆ ಸಹಿ ಹಾಕುವುದಿಲ್ಲ ಎಂದು ಅಂದೇ ನಿಶ್ಚಯ ಮಾಡಿದ್ದಳು, ಅದನ್ನು ಇಲ್ಲಿಯವರೆಗೆ ಬಿಟ್ಟುಕೊಟ್ಟಿರಲಿಲ್ಲ.

ದೊಡ್ಡವರ ಕೋಣೆಯಲ್ಲಿ ವರದಿ ಆಗಲೇ ಟೈಪಾಗಿ ಕೂತಿತ್ತು. ಅವಳ ಸಹಿಗೆ ಜಾಗ ಬಿಟ್ಟು, ಆ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಕೂಡ ಹಾಕಿಟ್ಟಿದ್ದರು.

ಅವರು ಬಹಳ ಒಳ್ಳೆಯ ಮಾತಿನವರು. ಆ ಹೆಣ್ಣುಮಗಳ ಮೇಲೆ ತನಗೆ ದ್ವೇಷವಿಲ್ಲ ಎಂದರು. ತಾಯಿಗೆ ಕಣ್ಣಿನ ಆಪರೇಷನ್ನು, ರಜೆಗೆ ಓಡುವ ಅವಸರ, ಕೊನೆಯ ಕಂತಿನ ಮೂವತ್ತಾರು ಫಲಕಕ್ಕೆ ಪುಡಿ ತೆಳ್ಳಗೆ ಹೊಡೆದು ಕೈ ತೊಳೆದುಕೊಂಡಿದ್ದಾಳೆ, ಮನುಷ್ಯರೇ ಅಲ್ಲವೇ ಎಂದರು. ಫಲಕಗಳನ್ನು ಸಂಜೆಯೇ ಗುಜರಿಗೆ ಹಾಕಿಸುತ್ತೇನೆ, ಆ ಜಾಗಗಳು ಖಾಲಿ ಉಳಿದರೂ ತೊಟ್ಟಿ ನಾಳೆ ಮುಚ್ಚಲೇಬೇಕು ಎಂದರು.

ಕತ್ತಲೆ ಕೋಣೆಗೆ ಬೇರೆ ಯಾರಾದರೂ ಹೋಗಿರಬಹುದೇ ಎಂದು ಅವಳು ಕೇಳಿದಳು.

"ಸಾಧ್ಯವೇ ಇಲ್ಲ ಮೇಡಂ. ಕೀ ಇರೋದೇ ಎರಡು. ಒಂದು ಆ ಮಾವನ ಕೊರಳಲ್ಲಿ, ಇನ್ನೊಂದು ಅವನ ಸೊಸೆ ಗೊಂಚಲಲ್ಲಿ. ಮನೆ ಮಂದಿನೇ."

ಲೇಪನದವಳು ಕತ್ತಲೆ ಮಾವನಿಗೆ ಅಕ್ಕನ ಮಗಳು. ಅವನೇ ಅವಳನ್ನು ಈ ಕೆಲಸಕ್ಕೆ ತಂದವನು, ಕಲಿಸಿದವನು. ಅವನ ಅಳತೆಯ ಅಂಕಿಗಳ ಮೇಲೆಯೇ ಈಗ ಅವಳ ತಲೆದಂಡ.

ಬೆರಳಚ್ಚಮ್ಮ ತಲೆಯಾಡಿಸಿ ಏಳುವಾಗ ಮೇಜಿನ ಮೇಲೆ ಹೊಸ ಬ್ರೋಷರುಗಳ ಕಟ್ಟು ಕಂಡಿತು. ಮೊನ್ನೆ ತಾನೇ ಅಚ್ಚಾಗಿ ಬಂದದ್ದು. ಮುಖಪುಟದ ಫೋಟೋದಲ್ಲಿ ದೊಡ್ಡ ಕಿಟಕಿಯ ಪಕ್ಕ ಒಂದು ಉದ್ದನೆಯ ಮೇಜು, ಮೇಜಿನ ಮೇಲೆ ಎರಡು ಸಾಲಾಗಿ ಫಲಕಗಳು, ಹಿಂದೆ ನಿಂತ ಮೂವರು.

ಅವಳ ಕಣ್ಣು ಅಲ್ಲೇ ನೆಟ್ಟದ್ದನ್ನು ಕಂಡು ದೊಡ್ಡವರು ಖುಷಿಯಾದರು. "ಹೇಗಿದೆ? ನಾನೇ ತೆಗೆದದ್ದು. ಒಳಗಿನ ಹಳದಿ ದೀಪದಲ್ಲಿ ತೆಗೆದ್ರೆ ಎಲ್ಲರೂ ಕಾಮಾಲೆ ಬಂದವರ ಹಾಗೆ ಕಾಣ್ತಾರೆ."

ಚೆನ್ನಾಗಿದೆ, ಒಂದು ಇಟ್ಟುಕೊಳ್ಳಲೇ ಎಂದಳು. ಧಾರಾಳವಾಗಿ ಎಂದರು. ಐದರವರೆಗೆ ಲೇಪನದ ಕೋಣೆಯಲ್ಲಿ ಕೂತು ಆಕೆಯ ಹೇಳಿಕೆ ಬರೆದುಕೊಳ್ಳುತ್ತೇನೆ ಎಂದು ಹೇಳಿ ಹೊರಬಿದ್ದಳು. ಕಂಡದ್ದನ್ನೆಲ್ಲ ಕಂಡ ತಕ್ಷಣ ಒದರುವ ಅಭ್ಯಾಸ ಅವಳಿಗಿರಲಿಲ್ಲ.

ಲೇಪನದವಳನ್ನು ಎಲ್ಲರೂ ಪುಡಿಯಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಮೂವತ್ತಮೂರೋ ನಾಲ್ಕೋ. ಬೆರಳಚ್ಚಮ್ಮ ಹೋದಾಗ ಅವಳು ತನ್ನ ತಕ್ಕಡಿಯನ್ನು ಒರೆಸುತ್ತಿದ್ದಳು. ಕೆಲಸದಿಂದ ತೆಗೆದುಹಾಕಿಸಿಕೊಳ್ಳುವವಳು ತಕ್ಕಡಿ ಯಾಕೆ ಒರೆಸಬೇಕು ಎಂದು ಕೇಳಿದರೆ, ಮುಂದೆ ಬರುವವರಿಗೆ ಕೊಳಕು ತಕ್ಕಡಿ ಬಿಟ್ಟು ಹೋಗಲಾರೆ ಎಂದಳು.

ಅವಳು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಒಂದೊಂದು ಫಲಕಕ್ಕೂ ಎಷ್ಟು ಪುಡಿ ತೂಗಿದೆ, ಒಲೆಯಲ್ಲಿ ಅದನ್ನು ಆವಿ ಮಾಡಲು ಎಷ್ಟು ನಿಮಿಷ ಇಟ್ಟೆ ಎಂಬುದನ್ನೆಲ್ಲ ಪುಸ್ತಕ ನೋಡದೆ ಹೇಳಿದಳು. ಕಳೆದ ಗುರುವಾರ ಸಂಜೆ ಮೂವತ್ತಾರನ್ನೂ ಕತ್ತಲೆ ಕೋಣೆಯ ಕಪಾಟಿನಲ್ಲಿಟ್ಟು, ಶುಕ್ರವಾರದಿಂದ ನಾಲ್ಕು ದಿನ ರಜೆಯ ಮೇಲೆ ಹೋಗಿದ್ದಳು. ಫೋಟೋದ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ತೊಟ್ಟಿಯೊಳಗೆ ಆಗಲೇ ಕೂತಿರುವ ಬೇರೆ ಫಲಕಗಳೂ ತನ್ನ ಕೈಯವೇ, ಅವುಗಳ ಮೇಲೂ ನಾಳೆಯಿಂದ ಜನ ಅನುಮಾನ ಪಡುತ್ತಾರಲ್ಲ ಎಂಬುದೊಂದೇ ಅವಳ ಸಂಕಟ.

"ಮೂವತ್ತಾರನ್ನೂ ಮತ್ತೆ ಬಳಿಯೋಕೆ ಎರಡು ದಿನ ಸಾಕು ಅಮ್ಮಾ. ಪುಡಿ ಇದೆ. ಮುಚ್ಚಳ ಎರಡು ದಿನ ಕಾಯಬೇಕು ಅಷ್ಟೇ. ಕಾಯೋಕೆ ಯಾರಿಗೆ ಮನಸ್ಸಿದೆ?"

ಬೆರಳಚ್ಚಮ್ಮ ಹಳದಿ ದೀಪದಡಿ ಬ್ರೋಷರು ಬಿಡಿಸಿ ಮತ್ತೆ ನೋಡಿದಳು. ಫೋಟೋದಲ್ಲಿ ಮೂವರು. ಎಡಗಡೆ ಯಾರೋ ಅತಿಥಿ. ನಡುವೆ ಜೋಡಣೆಯ ಎಂಜಿನಿಯರು. ದಿನಕ್ಕೆ ನೂರು ಸಲ ವಾಚು ನೋಡುವ ಅವನಿಗೆ ಗಡಿಯಾರ ಎಂದೇ ಹೆಸರು, ಫೋಟೋದಲ್ಲೂ ಅವನ ಕಣ್ಣು ಮಣಿಕಟ್ಟಿನ ಮೇಲಿತ್ತು. ಬಲತುದಿಯಲ್ಲಿ ಕತ್ತಲೆ ಮಾವ. ಗಡಿಯಾರನ ಮೂಗಿನ ಮೇಲೆ ಚೌಕಾಕಾರದ ಕನ್ನಡಕವಿತ್ತು. ಅತಿಥಿಯದೂ ಚೌಕವೇ.

ಮಾವನ ಮೂಗು ಬೋಳಾಗಿತ್ತು. ಅದರ ಎರಡೂ ಪಕ್ಕ ಕನ್ನಡಕ ಒತ್ತಿದ ಕುಳಿಗಳು ಮಾತ್ರ ಕಾಣುತ್ತಿದ್ದವು.

ನಾಲ್ಕೂಕಾಲಿಗೆ ಅವಳು ಕತ್ತಲೆ ಕೋಣೆಯ ಬಾಗಿಲು ತಟ್ಟಿದಳು. ಒಳಗೆ ಬಂದ ಕೂಡಲೇ ತಾನಾಗಿ ಬೀಗ ಬೀಳುವ ಬಾಗಿಲು ಅದು. ಮಾವ ಸಣ್ಣ ಕೆಂಪು ದೀಪ ಹಾಕಿಕೊಂಡು ಅಂಕಿಗಳನ್ನು ಬರೆಯುತ್ತಿದ್ದ. ನಾಲ್ಕೂಮುಕ್ಕಾಲಿಗೆ ಚಹಾಕ್ಕೆ ಹೋಗಬೇಕು, ಇಪ್ಪತ್ತಾರು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ ಎಂದ. ಇವತ್ತು ತಪ್ಪಿಸಬೇಕಾಗುತ್ತೆ ಎಂದು ಅವಳು ಬ್ರೋಷರನ್ನು ಅವನ ಮುಂದಿಟ್ಟಳು.

"ಫೋಟೋಗೆ ನಿಂತಾಗ ಕನ್ನಡಕ ಎಲ್ಲಿಟ್ಟಿದ್ರಿ ಮಾವ?"

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

"ನೀವು ಮಧ್ಯಾಹ್ನನೇ ನೋಡಿದ್ರಿ. ನಂಗೆ ಗೊತ್ತಾಯ್ತು."

ಆಮೇಲೆ ಕಟ್ಟೆ ಒಡೆದ ಹಾಗೆ ಹೇಳಿದ. ಶುಕ್ರವಾರ ಬೆಳಿಗ್ಗೆ ದೊಡ್ಡವರು ಬ್ರೋಷರಿಗೆ ಒಂದು ಫೋಟೋ ಬೇಕು, ಫಲಕ ತಂದು ಕಿಟಕಿ ಪಕ್ಕ ಹರಡು ಎಂದರು. ಬಿಸಿಲು ಆಗದು ಎಂದ. ಹತ್ತು ನಿಮಿಷಕ್ಕೆ ಏನಾಗುತ್ತೆ ಎಂದರು. ಹನ್ನೆರಡು ಫಲಕ ಜೋಡಿಸಿದ, ನಂಬರು ಕಾಣಲಿ ಎಂದು ನಂಬರಿನ ಮುಖ ಮೇಲೆ ಮಾಡಿ. ನಿನ್ನದೊಂದೇ ಗಾಜು ಮಿಂಚುತ್ತದೆ, ಕನ್ನಡಕ ತೆಗಿ ಎಂದರು. ತೆಗೆದು ಬೆನ್ನ ಹಿಂದೆ ಹಿಡಿದುಕೊಂಡ. ಫೋಟೋ ಮುಗಿಯುವಷ್ಟರಲ್ಲಿ ಪಂಪಿನ ಅಲಾರಂ ಕೂಗಿತು, ಕನ್ನಡಕವನ್ನು ಎದುರಿಗಿದ್ದ ಫಲಕದ ಮೇಲೇ ಬಿಟ್ಟು ಕೆಳಗೆ ಓಡಿದ. ಅಲ್ಲಿ ಅಳತೆಯ ಕೆಲಸಕ್ಕೆಂದು ಇಟ್ಟ ಇನ್ನೊಂದು ಕನ್ನಡಕವಿತ್ತು, ಅದನ್ನೇ ಹಾಕಿಕೊಂಡು ಪಂಪಿನ ಜೊತೆ ಗುದ್ದಾಡಿದ. ಕನ್ನಡಕದ ನೆನಪಾಗಿ ಮೇಲೆ ಬಂದಾಗ ಸಂಜೆ ನಾಲ್ಕು. ಫಲಕಗಳು ಹಾಗೆಯೇ ಬಿಸಿಲಿನಲ್ಲಿ ಬಿದ್ದಿದ್ದವು. ಜೀವ ಬಾಯಿಗೆ ಬಂತು. ಎಲ್ಲವನ್ನೂ ಒಳಗೆ ತಂದು ಕಪಾಟಿಗೆ ಸೇರಿಸಿ ಬೀಗ ಹಾಕಿದ. ಬಾಯಿಗೂ ಹಾಕಿದ.

"ನಿಮ್ಮ ಅಕ್ಕನ ಮಗಳು ಕೆಲಸ ಕಳ್ಕೊಳ್ತಿದಾಳೆ. ಆದ್ರೂ ಸುಮ್ನಿದ್ರಾ?"

ಮಾವ ತಲೆ ಎತ್ತಲಿಲ್ಲ. ಅವನು ಹೇಳಿದ್ದನ್ನು ಕೇಳಿ ಬೆರಳಚ್ಚಮ್ಮನ ಸಿಟ್ಟು ಅರ್ಧಕ್ಕರ್ಧ ಇಳಿಯಿತು.

"ಹನ್ನೆರಡೇ ತಂದಿದ್ದೆ ಅಂತ ನನ್ನ ನೆನಪು. ಮಂಗಳವಾರ ಅಳತೆ ತೆಗೆದ್ರೆ ಮೂವತ್ತಾರೂ ಮಂಕು. ಹಾಗಾದ್ರೆ ಎಲ್ಲಾ ನಾನೇ ಹೊರಗೆ ತಂದಿರಬೇಕಲ್ವಾ? ತಂದು ಮರೆತಿದೀನಿ. ಸೋಮವಾರ ಬಂದಾಗ ಈ ನೇರಳೆ ದೀಪ ಬೇರೆ ಉರೀತಾ ಇತ್ತು. ಅದನ್ನೂ ಮರೆತಿದೀನಿ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನ ಮುಖನೂ ಮರೆತುಬಿಟ್ಟ."

ಆಮೇಲೆ ಒಂದೇ ಉಸಿರಿಗೆ, ವರದಿಯಲ್ಲಿ ನನ್ನ ಹೆಸರು ಬರೀರಿ, ಮುದುಕನಿಗೆ ಮರೆವು ಬಂದಿದೆ ಅಂತ ಬರೀರಿ, ಅವಳನ್ನು ಬಿಟ್ಟುಬಿಡಿ ಎಂದ. ಇಷ್ಟು ದಿನ ಹೇಳುವ ಧೈರ್ಯ ಬಂದಿರಲಿಲ್ಲ ಎಂದ.

ಅಲ್ಲಿಗೆ ಮುಗಿಯಬಹುದಿತ್ತು. ತಪ್ಪೊಪ್ಪಿಗೆ ಕೈಯಲ್ಲಿದೆ, ಪುಡಿಯಕ್ಕ ಪಾರು, ಐದಕ್ಕೆ ಇನ್ನೂ ಅರ್ಧ ಗಂಟೆ ಇದೆ. ಆದರೆ ಬೆರಳಚ್ಚಮ್ಮ ಬ್ರೋಷರಿನ ಮೇಲೆ ಬೆರಳಿಟ್ಟು ಫಲಕಗಳನ್ನು ಎಣಿಸಿದಳು. ಮೇಲಿನ ಸಾಲು ಆರು, ಕೆಳಗಿನದು ಆರು. ಮೇಜಿನ ಈ ತುದಿಯಿಂದ ಆ ತುದಿವರೆಗೆ ಭರ್ತಿ, ಹದಿಮೂರನೆಯದಕ್ಕೆ ಜಾಗವಿಲ್ಲ. ನಂಬರುಗಳೂ ಓದುವಂತಿದ್ದವು, ಹದಿಮೂರರಿಂದ ಇಪ್ಪತ್ತನಾಲ್ಕು.

"ನಿಮ್ಮ ನೆನಪು ಸರಿಯಾಗೇ ಇದೆ ಮಾವ. ಹನ್ನೆರಡೇ."

ಅವನು ಅರ್ಥವಾಗದೆ ನೋಡಿದ.

"ಮಿಕ್ಕ ಇಪ್ಪತ್ತನಾಲ್ಕು ತೆಗೀರಿ."

ಮೊದಲು ಹದಿನೇಳನೆಯದನ್ನೇ ಮಗುಚಿ ದೀಪ ಹಿಡಿದಳು. ಇವು ತೊಟ್ಟಿಯ ನಡುವೆ ತೂಗುವ ಫಲಕಗಳು, ಎರಡೂ ಮುಖಕ್ಕೂ ಲೇಪನ. ಆದರೆ ಅಳತೆ ತೆಗೆಯುವಾಗ ನಂಬರಿನ ಮುಖವೊಂದನ್ನೇ ನೋಡುವುದು ಇಲ್ಲಿಯ ರೂಢಿ. ಹದಿನೇಳರ ಹಿಂಬದಿ ಹೊಚ್ಚ ಹೊಸದರಂತೆ ನೀಲಿಯಾಗಿ ಹೊಳೆಯಿತು. ಸರಿಯೇ ಇದೆ, ಬಿಸಿಲು ಬಿದ್ದದ್ದು ಮೇಲಿನ ಮುಖಕ್ಕೆ ಮಾತ್ರ.

ಆಮೇಲೆ ಮೊದಲನೆಯ ನಂಬರಿನ ಫಲಕ. ಮುಂಬದಿ ಮಂಕು. ಮಗುಚಿದಳು. ಹಿಂಬದಿಯೂ ಮಂಕು.

ಎರಡು, ಮೂರು, ನಾಲ್ಕು. ಎಲ್ಲವೂ ಎರಡೂ ಕಡೆ ಮಂಕು.

"ಮರೆತು ಬಿಟ್ಟುಹೋದವನು ಒಂದು ಕಡೆ ಆದ್ಮೇಲೆ ಇನ್ನೊಂದು ಕಡೆ ಅಂತ ತಿರುವಿ ಹಾಕ್ತಾನಾ?" ಬೆರಳಚ್ಚಮ್ಮ ಕೇಳಿದಳು. "ಬಟ್ಟೆ ಒಣಗಿಸುವಾಗ ನಾವು ಮಗುಚ್ತೀವಲ್ಲ, ಹಾಗೆ ಯಾರೋ ನಿಂತು ಮಾಡಿದ್ದಾರೆ."

ಐದನೆಯ ಫಲಕದ ಮೇಲಂಚಿನಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ಹೆಬ್ಬೆರಳಿನಷ್ಟು ಅಗಲದ ಒಂದು ಪಟ್ಟಿ ಅಲ್ಲಿ ನೀಲಿಯಾಗಿ ಉಳಿದಿತ್ತು. ಕೆಳಅಂಚು ಗರಗಸದ ಹಲ್ಲಿನ ಹಾಗೆ. ಆರರಲ್ಲೂ ಅದೇ ಜಾಗದಲ್ಲಿ, ಏಳರಲ್ಲೂ. ಏನೋ ಒಂದು ಅಲ್ಲಿ ಕಚ್ಚಿ ಹಿಡಿದಿತ್ತು.

ಅವಳು ದೀಪವನ್ನು ಮೇಲಕ್ಕೆ ತಿರುಗಿಸಿದಳು. ಮಾವನ ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಒಂದು ತಂತಿ. ಅಳತೆಗೆ ಮುಂಚೆ ಹತ್ತು ಸೆಕೆಂಡು ಫಲಕಗಳನ್ನು ತೂಗುಹಾಕಿ ನೋಡುವ ತಂತಿ. ಅದರ ಉದ್ದಕ್ಕೂ ಹಲ್ಲಿನ ಅಂಚಿನ ಉಕ್ಕಿನ ಕ್ಲಿಪ್ಪುಗಳು. ಎಣಿಸಿದಳು. ಇಪ್ಪತ್ತನಾಲ್ಕು.

"ಈ ನೇರಳೆ ದೀಪ ಎಷ್ಟು ಹೊತ್ತು ಉರಿದಿದೆ ಅಂತ ಬರೆದಿಡ್ತೀರಲ್ಲ?"

ಬರೆದಿಡುತ್ತಿದ್ದ. ಹಳತಾದಂತೆ ದೀಪದ ಬಲ ಇಳಿಯುತ್ತದೆಂದು ಅದಕ್ಕೊಂದು ಗಂಟೆ ತೋರಿಸುವ ಮೀಟರು. ಶುಕ್ರವಾರ ಸಂಜೆ ನಾನೂರ ಹನ್ನೊಂದು. ಸೋಮವಾರ ಬೆಳಿಗ್ಗೆ ನಾನೂರ ಐವತ್ತೆಂಟು. ಶುಕ್ರವಾರ ಸಂಜೆಯ ಅಂಕಿಯ ಪಕ್ಕ ಮಾವನ ದುಂಡು ಅಕ್ಷರದಲ್ಲಿ 'ದೀಪ ಆರಿಸಿದೆ' ಎಂದು ಬರೆದಿತ್ತು, ಕೆಳಗೆ ಸಹಿ.

ಮಾವ ಆ ಸಾಲನ್ನು ಮೂರು ಸಲ ಓದಿದ. ತನ್ನ ಸಹಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಆರಿಸಿದ್ದೆ" ಎಂದ.

"ಆರಿಸಿದ್ರಿ. ಯಾರೋ ಬಂದು ಹಾಕಿದ್ದಾರೆ. ಹತ್ತು ಸೆಕೆಂಡು ದಾಟಬಾರದ ದೀಪ, ನಲವತ್ತೇಳು ಗಂಟೆ. ನಡುವೆ ಒಂದು ಸಲ ಬಂದು ಫಲಕ ತಿರುವಿ ಹೋಗಿದ್ದಾರೆ. ಕೊನೆಗೆ ಎಲ್ಲಾ ಕಪಾಟಿಗೆ ಸೇರಿಸಿ, ದೀಪ ಮಾತ್ರ ನಿಮಗೋಸ್ಕರ ಉರಿಯೋಕೆ ಬಿಟ್ಟಿದ್ದಾರೆ. ನಿಮಗೆ ಮರೆವಿಲ್ಲ ಮಾವ. ಮರೆವು ಅಂತ ನಂಬಿಸ್ತಿದ್ದಾರೆ."

ಅರವತ್ತು ಸಮೀಪಿಸಿದ ಮನುಷ್ಯ ಅವಳ ಎದುರು ಕುರ್ಚಿಯಲ್ಲಿ ಕುಸಿದು ಮಗುವಿನ ಹಾಗೆ ಅತ್ತುಬಿಟ್ಟ. ಅದು ಸಂತೋಷದ ಅಳುವೋ ನಾಚಿಕೆಯದೋ ಅವನಿಗೇ ತಿಳಿದಿರಲಿಕ್ಕಿಲ್ಲ.

ಬೆರಳಚ್ಚಮ್ಮ ಅವನನ್ನು ಅಳಲು ಬಿಟ್ಟು ತನ್ನ ಲೆಕ್ಕ ಮುಂದುವರಿಸಿದಳು. ಕೆಡಿಸಿದವನು ಇಪ್ಪತ್ತನಾಲ್ಕನ್ನೇ ಆರಿಸಿಕೊಂಡಿದ್ದಾನೆ. ಬಿಸಿಲು ಕಂಡ ಹನ್ನೆರಡನ್ನು ಮುಟ್ಟಿಲ್ಲ. ಹನ್ನೆರಡೇ ಕೆಟ್ಟಿದ್ದರೆ ಎಲ್ಲರ ಕಣ್ಣು ಆ ಫೋಟೋದ ಮೇಲೆ ಬೀಳುತ್ತಿತ್ತು, ಇಡೀ ಕಂತೇ ಕೆಟ್ಟರೆ ತಪ್ಪು ಬಳಿದವಳದು. ಅವು ಆಗಲೇ ಕೆಟ್ಟಿವೆ ಎಂದು, ಅವುಗಳ ನಂಬರು ಸಮೇತ, ಅವನಿಗೆ ಗೊತ್ತಿತ್ತು. ಹಾಗಾದರೆ ಶುಕ್ರವಾರ ಆ ಕಿಟಕಿಯ ಪಕ್ಕ ಇದ್ದವರಲ್ಲಿ ಒಬ್ಬ. ಅತಿಥಿ ಅಂದೇ ಊರಿಗೆ ಹೋದ ಎಂದು ಮಾವ ಮೂಗು ಒರೆಸಿಕೊಳ್ಳುತ್ತ ಹೇಳಿದ. ಉಳಿದವನು ಗಡಿಯಾರ. ತೊಟ್ಟಿ ಮುಚ್ಚಲು ಎಲ್ಲರಿಗಿಂತ ಹೆಚ್ಚು ಅವಸರ ಅವನಿಗೇ.

ಆದರೆ ಬೀಗ ಒಡೆದಿಲ್ಲ. ಕೀ ಎರಡೇ. ಒಂದು ಮಾವನ ಕೊರಳಲ್ಲಿದೆ, ಸ್ನಾನಕ್ಕೂ ತೆಗೆಯುವವನಲ್ಲ. ಇನ್ನೊಂದು ಪುಡಿಯಕ್ಕನ ಗೊಂಚಲಲ್ಲಿದೆ. ಒಬ್ಬಳನ್ನು ಉಳಿಸಲೆಂದು ಹಿಡಿದ ದಾರಿ ಸುತ್ತಿ ಬಳಸಿ ಅವಳ ಮನೆ ಬಾಗಿಲಿಗೇ ಬಂದು ನಿಂತಿತ್ತು. ಬೆರಳಚ್ಚಮ್ಮ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಕೀಗೊಂಚಲು ಹಿಡಿದು ಪುಡಿಯಕ್ಕನೇ ನಿಂತಿದ್ದಳು. ದೊಡ್ಡವರಿಗೆ ಒಪ್ಪಿಸುವ ಮುಂಚೆ ಮಾವನಿಗೆ ಹೇಳಿ ಹೋಗೋಣ ಎಂದು ಬಂದಿದ್ದಳು. ಒಳಗೆ ಬಂದಳು, ಹಿಂದೆ ಬಾಗಿಲು ತಾನಾಗಿ ಬೀಗ ಹಾಕಿಕೊಂಡಿತು.

ಮಾವನ ಮುಖ ನೋಡಿ ಗಾಬರಿಯಾದಳು. ಅವನು ಏನನ್ನೂ ಮುಚ್ಚಿಡದೆ ಹೇಳಿಬಿಟ್ಟ, ಕನ್ನಡಕ, ಬಿಸಿಲು, ತನ್ನ ಹೆದರಿಕೆ ಎಲ್ಲ. ಪುಡಿಯಕ್ಕ ನಿಂತಲ್ಲೇ ಕೇಳಿದಳು. ಅವಳಿಗೆ ನೋವಾಯಿತು, ಅದು ಮುಖದಲ್ಲೇ ಕಂಡಿತು.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಮಾವ" ಎಂದಳು. "ನಿಂಗೆ ಮರೆವು ಬಂದ್ರೆ ನಾನಿಲ್ವಾ?"

ಮಾವ ಅವಳ ಕೈ ಹಿಡಿದುಕೊಂಡ. ಬೆರಳಚ್ಚಮ್ಮ ಒಂದು ಕ್ಷಣ ಬೇರೆ ಕಡೆ ನೋಡಿದಳು. ಆಮೇಲೆ ಗೊಂಚಲನ್ನು ತೋರಿಸುವಂತೆ ಕೇಳಿದಳು. ಲೇಪನದ ಕೋಣೆಯದು, ಒಲೆಯದು, ಪುಡಿಯ ಪೆಟ್ಟಿಗೆಯದು. ಅಷ್ಟೇ ಇತ್ತು.

"ಈ ಕೋಣೆ ಕೀ ಎಲ್ಲಿ?"

"ಅದು ನನ್ನ ಹತ್ರ ಇಲ್ವಲ್ಲ ಅಮ್ಮಾ. ರಜೆಗೆ ಹೋಗೋ ಮುಂಚೆ, ಗುರುವಾರ ಸಂಜೆನೇ ಇಸ್ಕೊಂಡ್ರು. ನಾನಿಲ್ಲದಾಗ ಅತಿಥಿಗಳಿಗೆ ಕೋಣೆ ತೋರಿಸಬೇಕು ಅಂತ. ಇನ್ನೂ ವಾಪಸ್ ಕೊಟ್ಟಿಲ್ಲ."

"ಯಾರು?" ಬೆರಳಚ್ಚಮ್ಮ ಬ್ರೋಷರನ್ನು ಅವಳ ಮುಂದೆ ಹಿಡಿದಳು. "ಇದರಲ್ಲಿ ತೋರಿಸಿ."

ಪುಡಿಯಕ್ಕ ಕೆಂಪು ದೀಪಕ್ಕೆ ಹಿಡಿದು ನೋಡಿದಳು. ಅತಿಥಿಯ ಮುಖ ದಾಟಿದಳು, ಗಡಿಯಾರನ ಮುಖ ದಾಟಿದಳು, ಮಾವನನ್ನೂ ದಾಟಿ ಇಲ್ಲವೆಂದು ತಲೆಯಾಡಿಸಿದಳು.

"ಅವರು ಇದರಲ್ಲಿ ಇಲ್ಲ. ಈ ಫೋಟೋ ತೆಗೆದೋರು ಯಾರು?"

ಗೋಡೆಯ ಗಡಿಯಾರ ನಾಲ್ಕು ಐವತ್ತು ತೋರಿಸುತ್ತಿತ್ತು. ಇಪ್ಪತ್ತಾರು ವರ್ಷದಿಂದ ಮಾವ ಈ ಹೊತ್ತಿಗೆ ಚಹಾಕ್ಕೆ ಹೋಗುತ್ತಾನೆಂದು ಎಲ್ಲರಿಗೂ ಗೊತ್ತು. ಬೆರಳಚ್ಚಮ್ಮ ಲೇಪನದ ಕೋಣೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದಾಳೆ ಎಂದು, ಫೋಟೋ ನಾನೇ ತೆಗೆದದ್ದು ಎಂದು ಹಿಗ್ಗಿದ್ದ ಒಬ್ಬರಿಗೆ ಗೊತ್ತು. ಗುಜರಿಗೆ ಹೋಗಬೇಕಾದ ಮೂವತ್ತಾರು ಫಲಕಗಳು ಖಾಲಿ ಕೋಣೆಯ ಕಪಾಟಿನಲ್ಲಿವೆ ಎಂದು ಆ ಒಬ್ಬರು ನಂಬಿದ್ದರು.

ಅವಳು ಐದನೆಯ ಫಲಕವನ್ನು ಎದೆಗವಚಿಕೊಂಡು ಕೆಂಪು ದೀಪ ಆರಿಸಿದಳು.

ಹೊರಗಿನ ಹೆಜ್ಜೆ ಬಾಗಿಲ ಹತ್ತಿರ ನಿಂತಿತು. ಯಾರೂ ತಟ್ಟಲಿಲ್ಲ. ಬೀಗದೊಳಗೆ ಕೀ ತಿರುಗಿತು.